ಮೂರು ಗಾಡಿಗೆ ಒಂದ ಪಾಲಿಸಿ ಹುಡುಕ್ಕೋತ ಹೋದೆ | ಪುಣೆ ವ್ಲಾಗ್

ನಮಸ್ಕಾರ್ರೀ ಎಲ್ಲಾರಿಗೂ. ಇದು ನಮ್ಮ ವಾಕಡದ ಸೊಸೈಟಿ ಪಾರ್ಕಿಂಗ್. ಹಿಂದ ಹಾಡು ಕೇಳಾಕತ್ತೈತಲ್ಲ, ಅದು ವಾಚ್‌ಮನ್ ಮಾಮಾನ ರೇಡಿಯೋ, ಎಡಿಟಿಂಗ್‌ನ್ಯಾಗ ತಗ್ಯಾಕ ನೋಡಿದೆ, ನನ್ನ ದನೀನೂ ಅದರ ಜೋಡಿ ಹೋತು, ಹಂಗ ಬಿಟ್ಟೀನಿ, ಸಹಿಸ್ಕೋರಿ.

ಎಡಕ್ಕ ನಿಂತಿದ್ದು ನನ್ನ ಕ್ಲಾಸಿಕ್ 350, ನಾ ಬುಲೆಟ್ ಅಂತೀನಿ, 2021ರ ಜನವರಿಯಾಗ ತಗೊಂಡಿದ್ದು. ಬಾಜೂಕ ಧೂಳ ಕುಡುದು ಕುಂತಿದ್ದು ಪಲ್ಸರ್ 150, 2012ರ ಮಾಡೆಲ್, ನನ್ನ ರೂಂಮೇಟ್ ಊರು ಬಿಡೂಮುಂದ ಸೋವಿಗೆ ಕೊಟ್ಟು ಹೋದ. ಕಂಬದ ಹಿಂದ ಅರ್ಧ ಕಾಣೋದು ಆಕ್ಟಿವಾ, ಅದು ನಮ್ಮಾಕಿದು. ಗಾಡಿ ಮೂರು, ಓಡ್ಸೋರು ಇಬ್ಬರು. ಯಾಕಂತ ಕೇಳಬ್ಯಾಡ್ರಿ, ಮನ್ಯಾಗ ದಿನಾ ಕೇಳ್ತಾರ, ಸಾಕಾಗೈತಿ.

ಇವತ್ತ ಏನು ಪ್ಲಾನ್ ಅಂದ್ರ ಈ ಮೂರೂ ಗಾಡಿಗೆ ಕೂಡೇ ಒಂದ ಇನ್ಸೂರೆನ್ಸ್ ಪಾಲಿಸಿ ಮಾಡ್ಸೋದು. ಒಂದ ಕಾಗದ, ಒಂದ ತಾರೀಖು, ವರ್ಷಕ್ಕೊಮ್ಮೆ ರೊಕ್ಕ ಕಟ್ಟಿ ಕೈ ತೊಳ್ಕೊಳೋದು. ಇಂಗ್ಲೆಂಡಿನ ಬೈಕ್ ಹುಡುಗೂರ ವಿಡಿಯೋ ನೋಡಿ ನೋಡಿ ಈ ಹುಚ್ಚು ಹತ್ತೈತಿ. ಅಲ್ಲಿ ಮಲ್ಟಿ ಬೈಕ್ ಪಾಲಿಸಿ ಅಂತ ಇರ್ತೈತಿ, ನಾಕೈದು ಬೈಕ್ ಇದ್ರೂ ಒಂದ ಪಾಲಿಸಿ. ಹೌದಲ್ರಿ, ಇರೋದು ಎರಡ ಕಾಲು, ನಾ ಒಬ್ಬಾಂವ ಒಂದ ಹೊತ್ತಿಗೆ ಒಂದ ಬೈಕ್ ಅಷ್ಟ ಓಡಿಸ್ತೀನಿ, ಮನಿಯೊಳಗ ನಿಂತ ಬೈಕಿಗೆ ಯಾಕ ಪೂರ್ತಿ ರೊಕ್ಕ ಕೊಡಬೇಕು?

ಬರ್ರಿ ಹೋಗೋಣು. ಹೆಲ್ಮೆಟ್ ಹಾಕೋದು, ಗಾಡಿ ತಗ್ಯೋದು ಕಾಣಾಕತ್ತೈತಿ, ಅದನ್ನೇನ ಹೇಳೋದು.

ಇದು ಯೂನಿವರ್ಸಿಟಿ ಚೌಕದ ಹತ್ರ, ಎಂದಿನಂಗ ಜಾಮ್. ಈ ಶಾಟ್ ಐದು ನಿಮಿಷ ಐತಿ, ಕಟ್ ಮಾಡಂಗಿಲ್ಲ, ಯಾಕಂದ್ರ ಇಷ್ಟರೊಳಗ ನಾ ಎರಡ ಸಾವಿರ ದಂಡ ಕಟ್ಟಿದ ಕಥಿ ಹೇಳಬೇಕು.

ಅಕ್ಟೋಬರ್‌ನ್ಯಾಗ ಏನಾತಂದ್ರ, ನಮ್ಮಾಕಿ ಮಗಳನ್ನ ಟ್ಯೂಷನ್‌ಗೆ ಬಿಟ್ಟು ಬರೂಮುಂದ ಚೌಕದಾಗ ಟ್ರಾಫಿಕ್ ಪೊಲೀಸ್ ಹಿಡದಾನ. ಹೆಲ್ಮೆಟ್ ಐತಿ, ಲೈಸೆನ್ಸ್ ಐತಿ, ಪಿಯುಸಿ, ಅಂದ್ರ ಹೊಗಿ ತಪಾಸಣಿ ಸರ್ಟಿಫಿಕೇಟ್, ಅದೂ ಐತಿ. ಅಂವ ಮಷೀನ್‌ನ್ಯಾಗ ನಂಬರ್ ಹೊಡದು "ಇನ್ಶುರನ್ಸ್ ಸಂಪ್ಲಾ" ಅಂದಾನ, ಮುಗದೈತಿ ಅಂತ. ಅಕಿ ನನಗ ಫೋನ್ ಹಚ್ಚಿದ್ಲು. ನಾ ಆಫೀಸ್‌ನ್ಯಾಗ ಮೀಟಿಂಗ್‌ನ್ಯಾಗ ಕುಂತಾಂವ, ಎದ್ದು ಹೊರಗ ಬಂದು ಭಾಳ ಗತ್ತಿಲೆ ಹೇಳೀನಿ, "ಐದು ವರ್ಷದ್ದು ಒಮ್ಮೆಲೆ ಕಟ್ಟೀನಿ, ಅವಂಗ ಹೇಳು, ಮಷೀನ್ ಕೆಟ್ಟಿರಬೇಕು" ಅಂತ. ಅಕಿ ಫೋನ್ ಸ್ಪೀಕರ್ ಮ್ಯಾಲ ಇಟ್ಟಿದ್ಲು, ನನಗ ಗೊತ್ತಿಲ್ಲ. ಆ ಕಡೆಯಿಂದ ಅವನ ದನಿ ಬಂತು, ಸಿಟ್ಟಿಲ್ಲ, ಸೆಡವಿಲ್ಲ, "ಗಾಡಿ ಕಧೀ ಘೇತ್ಲಿ ಸಾಹೇಬ?", ಯಾವಾಗ ತಗೊಂಡ್ರಿ ಅಂತ ಅಷ್ಟ ಕೇಳಿದ. 2020ರ ಆಗಸ್ಟ್ ಅಂದೆ. ಅಂದ ಮ್ಯಾಲ ಸುಮ್ನಾದೆ. ಅಂವನೂ ಸುಮ್ನ. ಬೆರಳ ಮಡಿಚಿ ಎಣಸೀನಿ ನೋಡ್ರಿ, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಕು, ಇಪ್ಪತ್ತೈದು. ಆಗಸ್ಟ್‌ಗೆ ಐದು ಮುಗದು ಎರಡ ತಿಂಗಳಾಗಿತ್ತು.

ನಿಮಗೂ ಇದು ಆಗಬಹುದು, ಅದಕ್ಕ ಬಿಡಿಸಿ ಹೇಳ್ತೀನಿ. 2018ರ ಸೆಪ್ಟೆಂಬರ್ 1ರ ನಂತರ ಹೊಸಾ ಟೂ ವೀಲರ್ ಯಾರು ತಗೊಂಡಾರೋ ಅವ್ರಿಗೆಲ್ಲಾ ಶೋರೂಂನ್ಯಾಗ ಥರ್ಡ್ ಪಾರ್ಟಿ, ಅಂದ್ರ ನಮ್ಮ ಗಾಡಿಯಿಂದ ಬ್ಯಾರೇಯವ್ರಿಗೆ ಪೆಟ್ಟಾದ್ರ ಕೊಡೋ ಇನ್ಸೂರೆನ್ಸ್, ಐದು ವರ್ಷದ್ದು ಒಮ್ಮೆಲೆ ಹಾಕಿ ಕೊಡ್ತಾರ, ಸುಪ್ರೀಂ ಕೋರ್ಟ್ ಹೇಳಿದ ಮ್ಯಾಲ ಬಂದ ರೂಲ್ ಅದು. ನಮ್ಮ ಗಾಡಿಗೇ ಪೆಟ್ಟಾದ್ರ ಸಿಗೋ ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ ಒಂದ ವರ್ಷದ್ದು. ನಾ ಮೊದಲ ವರ್ಷ ಆದ ಮ್ಯಾಲ ಆಕ್ಟಿವಾಕ್ಕ ಓನ್ ಡ್ಯಾಮೇಜ್ ಬಿಟ್ಟೆ, ಥರ್ಡ್ ಪಾರ್ಟಿ ಐದು ವರ್ಷ ಐತಲ್ಲ, ಟೆನ್ಶನ್ ಇಲ್ಲ ಅಂತ ಮಲಕೊಂಡೆ. ಸರಿ, ಮರತೆ, ಆದ್ರ ರಿಮೈಂಡರ್ ಮೆಸೇಜ್ ಬರಬೇಕಿತ್ತಲ್ಲ? ಬಂದೈತಿ! ನನಗಲ್ಲ, ಶೋರೂಂ ಹುಡುಗಗ. ಪಾಲಿಸಿ ತಗದು ನೋಡಿದ್ರ ಮೊಬೈಲ್ ನಂಬರ್ ಜಾಗಾದಾಗ ಅವನ ನಂಬರ್, ಈಮೇಲ್ ಜಾಗಾದಾಗ ಶೋರೂಂ ಈಮೇಲ್. ಬಿಲ್ ಮಾಡೂಮುಂದ ಯಾರ್ ಟೈಪ್ ಮಾಡ್ಕೋತ ಕುಂಡ್ರತಾರ ಅಂತ ತನ್ನದ ಹಾಕ್ಯಾನ. ಯಾವ ಶೋರೂಂ ಅಂತ ಹೇಳಂಗಿಲ್ಲ. ಐದು ವರ್ಷ ಅಂವ ಎಷ್ಟ ಮಂದಿ ರಿಮೈಂಡರ್ ಓದ್ಯಾನೋ ದೇವರಿಗೇ ಗೊತ್ತು. ಆ ಹುಡುಗ ಈಗ ಅಲ್ಲಿ ಕೆಲಸಕ್ಕೂ ಇಲ್ಲಂತ, ಹೋಗಿ ಕೇಳಿ ಬಂದೀನಿ, ಜಗಳಾಡಾಕ ಹೋಗಿದ್ದೆ, ಕೋಕಮ್ ಶರಬತ್ ಕುಡಿಸಿ ಕಳಿಸಿದ್ರು.

ದಂಡ ಎರಡ ಸಾವಿರ. ಮೋಟಾರು ವಾಹನ ಕಾಯ್ದೆ ಕಲಂ 196, ಮೊದಲನೇ ಸಲ 2,000, ಮತ್ತ ಸಿಕ್ರ 4,000, ಕೋರ್ಟ್ ಮನಸ್ಸು ಮಾಡಿದ್ರ ಮೂರು ತಿಂಗಳ ಜೇಲೂ ಐತಿ. ಮತ್ತ ನಾ ಉಳಿಸಿದ್ದು ಎಷ್ಟ ಹೇಳ್ರಿ? 75 ರಿಂದ 150 ಸಿಸಿ ತನಕ ಥರ್ಡ್ ಪಾರ್ಟಿ ವರ್ಷಕ್ಕ 714 ರೂಪಾಯಿ, 2022ರ ಜೂನ್ 1ಕ್ಕ ಬಂದ ರೇಟು, ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ಕೂಡಿ 842 ರೂಪಾಯಿ 52 ಪೈಸೆ. ಅದಕ್ಕ ಎರಡ ಸಾವಿರ ಹೋತು. ಅವತ್ತ ರಾತ್ರಿನ ಆನ್‌ಲೈನ್ ಕಟ್ಟೀನಿ, ನಂಬರ್ ನಂದ ಹಾಕೀನಿ. ಇನ್ಸೂರೆನ್ಸ್‌ನೋರೆಲ್ಲಾ ಕಳ್ಳರು ಅಂತ ಊಟಾ ಮಾಡ್ಕೋತ ಬೈದೆ. ನಮ್ಮಾಕಿ ತಟ್ಟೆ ಎತ್ಕೋತ, "ಅವ್ರು ಐದು ವರ್ಷ ಅಂತ ದೊಡ್ಡ ಅಕ್ಷರದಾಗ ಬರದಾರ್ರೀ" ಅಂದ್ಲು.

ಹಾಂ, ಜಾಮ್ ಬಿಡ್ತು.

ಇದು ಪುಣೆದ ಹಳೇ ಪೇಟಿ ಭಾಗ. ಪಾರ್ಕಿಂಗ್ ನೋಡ್ರಿ, ರಸ್ತಾದ ಒಂದ ಬಾಜೂಕ ಪಿ ಒಂದು, ಇನ್ನೊಂದ ಬಾಜೂಕ ಪಿ ಎರಡು, ತಾರೀಖು ಸಮ ಇದ್ರ ಒಂದ ಕಡೆ, ಬೆಸ ಇದ್ರ ಇನ್ನೊಂದ ಕಡೆ, ತಪ್ಪಿದ್ರ ಗಾಡಿ ಎತ್ಕೊಂಡು ಹೋಗೋ ಟೆಂಪೋ ಬರ್ತೈತಿ. ಇವತ್ತ ಎರಡನೇ ದಂಡ ಬ್ಯಾಡ ಅಂತ ಕ್ಯಾಲೆಂಡರ್ ತಗದು ನೋಡೇ ನಿಲ್ಲಿಸೀನಿ. ಇಷ್ಟ ಶಾಣ್ಯಾತನ ಮಾಡಿ ಏಜೆಂಟ್ ಕಾಕಾನ ಅಂಗಡಿ ಮುಂದ ಬಂದ್ರ ಬಾಗಲಾ ಬಂದ್. ಟೈಮ್ ಒಂದು ಹೊಡದು ಐದು ನಿಮಿಷ. ಬೋರ್ಡ್ ಓದ್ರಿ, "ದುಪಾರೀ 1 ತೇ 4 ಬಂದ್. ಬೆಲ್ ವಾಜವೂ ನಯೇ." ಮಧ್ಯಾಹ್ನ ಒಂದರಿಂದ ನಾಕರ ತನಕ ಬಂದ್, ಬೆಲ್ ಬಾರಿಸಬಾರದಂತ. ಬೆಲ್ ಮತ್ತ ಯಾಕ ಇಟ್ಟಾರ? ಹನ್ನೊಂದು ವರ್ಷ ಆತು ಪುಣೆಗೆ ಬಂದು, ಇನ್ನೂ ಇದು ತಲ್ಯಾಗ ಕುಂತಿಲ್ಲ. ಧಾರವಾಡದಾಗ ಇದ್ರ ಕಾಕಾ ಒಳಗ ಕರದು ಊಟಾ ಮಾಡೇ ಹೋಗು ಅಂತಿದ್ರು. ಆದ್ರ ಒಂದ ಹೇಳ್ತೀನಿ, ಈಗ ನನಗೂ ಇದು ಸರಿ ಅನ್ನಸಾಕತ್ತೈತಿ, ಮನಷ್ಯಾ ಮಧ್ಯಾಹ್ನ ಮಲಗಬೇಕು, ನಾವು ಐಟಿಯೋರು ಸುಳ್ಳ ಬಡದಾಡ್ತೀವಿ.

ಮಿಸಳ್ ತಿನ್ನೋದು ಫಾಸ್ಟ್ ಫಾರ್ವರ್ಡ್. ಅಮೃತತುಲ್ಯದ ಚಾ, ಎರಡ ಸಲ. ಮತ್ತೊಂದ ಚಾ.

ನಾಕು ಗಂಟೆ. ಕಾಕಾ ಕ್ಯಾಮೆರಾ ಒಲ್ಲೆ ಅಂದ್ರು, ಅದಕ್ಕ ಬರೇ ಟೇಬಲ್ ಕಾಣಾಕತ್ತೈತಿ. ಕಾಕಾ ಅಕ್ಕಲಕೋಟದ ಕಡೆಯವ್ರು, ಮನ್ಯಾಗ ಕನ್ನಡ, ಅಂಗಡ್ಯಾಗ ಮರಾಠಿ, ನನ್ನ ಜೋಡಿ ಎರಡೂ. ನಾ ನನ್ನ ಪ್ಲಾನ್ ಹೇಳಿದೆ. ಅವ್ರು ಮೂರೂ ಆರ್‌ಸಿ ಟೇಬಲ್ ಮ್ಯಾಲ ಇಸ್ಪೀಟ್ ಎಲಿ ಹಂಗ ಹಾಸಿದ್ರು, ಆಕ್ಟಿವಾದ್ದು ತಗದು ಬಾಜೂಕ ಇಟ್ರು. "ತಮ್ಮಾ, ಇದು ಯಾರ ಹೆಸರ್ಲೆ ಐತಿ?" ಹೆಂಡ್ತಿ ಹೆಸರ್ಲೆ ಕಾಕಾ. "ಮುಗೀತು, ಇದು ನಡಿಯಂಗಿಲ್ಲ."

ವಿಷಯ ಹಿಂಗೈತಿ. ನಮ್ಮ ದೇಶದಾಗ ಥರ್ಡ್ ಪಾರ್ಟಿ ಅನ್ನೋದು ಗಾಡಿಗೆ ಮೊಳಿ ಹೊಡದಂಗ, ಒಂದೊಂದ ಗಾಡಿಗೂ ಅದರ ರೇಟು ಅದರದ್ದ, ಗೋಡೌನ್‌ನ್ಯಾಗ ನಿಂತಿರ್ಲಿ, ಲಡಾಕ್‌ಗೆ ಹೋಗ್ಲಿ. ಸಿಸಿ ನೋಡಿ ರೇಟು. ಪಲ್ಸರ್‌ಗೂ ಆಕ್ಟಿವಾಕ್ಕೂ ಅದ 714, ಬುಲೆಟ್‌ಗೆ 1,366. ನನ್ನ ಗಾಡಿ 346 ಸಿಸಿ ಇರೋದಕ್ಕ ಬಚಾವ್ ಆಗೀನಿ, 350 ದಾಟಿದ್ರ ಒಮ್ಮೆಲೆ 2,804. ಆಫೀಸ್‌ನ್ಯಾಗ ಒಬ್ಬಾಂವ ಹಿಮಾಲಯನ್ 411 ಇಟ್ಕೊಂಡು ದಿನಾ ನನ್ನ ಮುಂದ ಮೆರೀತಾನ, ಇದನ್ನ ಅವಂಗ ಹೇಳೋತನಕ ನನಗ ನಿದ್ದಿ ಬರಂಗಿಲ್ಲ.

ಆದ್ರ ಓನ್ ಡ್ಯಾಮೇಜ್ ಕೂಡಿಸಾಕ ಬರ್ತೈತಿ. 2022ರ ಜುಲೈದಾಗ ಇನ್ಸೂರೆನ್ಸ್ ಕಂಪನಿಗಳ ಮ್ಯಾಲ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಪರ್ಮಿಷನ್ ಕೊಟ್ಟೈತಿ, ಫ್ಲೋಟರ್ ಅಂತಾರ ಅದಕ್ಕ, ಒಬ್ಬ ಮಾಲಕನ ಹೆಸರ್ಲೆ ಇರೋ ಗಾಡಿಗಳಿಗೆ ಕೂಡಿ ಕೊಡೋದು. ಒಬ್ಬ ಮಾಲಕ. ಗಂಡಾ ಹೆಂಡ್ತಿ ಅಂದ್ರ ಇಬ್ಬರು. ನಾ ಅಂದೆ, ಕಾಕಾ, ಹಂಗಾರ ಬುಲೆಟ್ ಮತ್ತ ಪಲ್ಸರ್ ಎರಡೂ ನನ್ನ ಹೆಸರ್ಲೆ ಅದಾವ, ಹಾಕಿಬಿಡ್ರಿ. ಎಷ್ಟ ಖುಷಿ ಆಗಿತ್ತಂದ್ರ ಥಂಬ್‌ನೇಲ್ ಫೋಟೋನೂ ತಗದಿದ್ದೆ.

ಕಾಕಾ ಚಾಳೀಸ ಮ್ಯಾಲ ಏರಿಸಿ ಕೇಳಿದ್ರು, "ಪಲ್ಸರ್‌ಗೆ ಓನ್ ಡ್ಯಾಮೇಜ್ ಯಾಕ ತಮ್ಮಾ? ಯಾರ ಕದೀತಾರ ಅದನ್ನ?" ಮನಸ್ಸಿಗೆ ಹತ್ತು ನೋಡ್ರಿ ಆ ಮಾತು. ಆದ್ರ ಖರೇ. ಗಾಡಿಗೆ ಐದು ವರ್ಷ ದಾಟಿದ ಮ್ಯಾಲ ಅದರ ಐಡಿವಿ, ಅಂದ್ರ ಇವತ್ತಿನ ಬೆಲಿ, ಕಂಪನಿ ಮತ್ತ ನಾವು ಮಾತಾಡಿ ಒಪ್ಕೊಂಡದ್ದು. ಪಲ್ಸರ್‌ಗೆ ಕಾಕಾ ಹೇಳಿದ್ದು ಹದಿನೈದು ಸಾವಿರ. ಇಂಡಿಕೇಟರ್ ಒಡದ್ರ ಇಲ್ಲೇ ನಾನಾ ಪೇಟಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ್ರ ಇನ್ನೂರು ರೂಪಾಯಿಗೆ ಮುಗೀತೈತಿ, ಅದಕ್ಕ ಕ್ಲೇಮ್ ಹಾಕಿ, ಸರ್ವೇಯರ್‌ನ ಕರದು, ಪ್ಲಾಸ್ಟಿಕ್‌ಗೆ ಅರ್ಧ ರೊಕ್ಕ ಕಟ್ ಮಾಡಿಸ್ಕೊಂಡು, ಯಾರ್ ಮಾಡ್ತಾರ? ಬರೇ ಥರ್ಡ್ ಪಾರ್ಟಿ ಸಾಕು ಇದಕ್ಕ. ಪಲ್ಸರ್ ಹೋದ ಮ್ಯಾಲ ಉಳದಿದ್ದು ಬುಲೆಟ್ ಒಂದ. ಒಂದ ಗಾಡಿಗೆ ಫ್ಲೋಟರ್ ಅಂದ್ರ ಮದಿಮಗ ಒಬ್ಬನ ಬ್ಯಾಂಡ್ ಬಾರಿಸ್ಕೋತ ಹೋದಂಗ.

ಹಿಂಗಾಗಿ ಪ್ಲಾನ್ ಫೇಲ್. ಸುಮ್ನ ಎದ್ದು ಬರಬೇಕಂದ್ರ ಕಾಕಾ ನನ್ನ ಎರಡೂ ಹಳೇ ಪಾಲಿಸಿ ನೋಡಿ ತಲಿ ಬಡಕೊಂಡ್ರು. ಎರಡರಾಗೂ ಮಾಲಕನ ಪರ್ಸನಲ್ ಆಕ್ಸಿಡೆಂಟ್ ಅಂತ 330 ರೂಪಾಯಿ. 15 ಲಕ್ಷದ ಕವರ್ ಅದು, ಮಾಲಕ ಗಾಡಿ ಓಡಸೂಮುಂದ ಸತ್ರ ಮನಿಯವ್ರಿಗೆ ಸಿಗೋದು. ಇದು ಮನಷ್ಯಾಗ ಸಂಬಂಧ, ಗಾಡಿಗಲ್ಲ. 2019ರ ಜನವರಿಯಿಂದ ರೂಲ್ ಐತಿ, ಒಬ್ಬಂಗ ಹತ್ತು ಗಾಡಿ ಇದ್ರೂ ಇದು ಒಂದ ಸಾಕು, ಉಳದ ಗಾಡಿಗೆ ನನಗ ಆಗ್ಲೇ ಐತಿ ಅಂತ ಬರಕೊಟ್ರ ಮುಗೀತು. ಆನ್‌ಲೈನ್‌ನ್ಯಾಗ ಆ ಡಬ್ಬಿಗೆ ಟಿಕ್ ಮೊದಲ ಹಾಕೇ ಇರ್ತೈತಿ, ನಾವು ಕಣ್ಣ ಮುಚ್ಚಿ ಮುಂದ ಮುಂದ ಒತ್ಕೋತ ಹೋಗ್ತೀವಿ. ಮೂರು ವರ್ಷ ಪಲ್ಸರ್‌ಗೆ ಸುಳ್ಳ ಕಟ್ಟೀನಿ, ಜಿಎಸ್‌ಟಿ ಹಿಡದು 1,168 ರೂಪಾಯಿ. ದಂಡ ಕೊಟ್ಟಿದ್ದಕ್ಕಿಂತ ಇದು ಹೊಟ್ಟಿಗೆ ಉರೀತು, ಯಾಕಂದ್ರ ದಂಡ ಒಮ್ಮೆ ಹೋತು, ಇದು ವರ್ಷಾ ವರ್ಷಾ ಗೊತ್ತಾಗದಂಗ ಹೋಗೈತಿ.

ಇನ್ನೊಂದು, ಇದನ್ನೂ ಹೇಳಿಬಿಡ್ತೀನಿ. ಬುಲೆಟ್ ಹೋದ ಮಳಿಗಾಲದಾಗ ಕಾತ್ರಜ್ ಘಾಟ್‌ನ್ಯಾಗ ಜಾರಿ ಬಿದ್ದು ಟ್ಯಾಂಕ್ ತೆಗ್ಗು ಬಿದ್ದೈತಿ, ಈ ಕ್ಲೋಸಪ್ ನೋಡ್ರಿ, ಬಟ್ಟಲದಂಗ. ಕ್ಲೇಮ್ ಮಾಡಿಲ್ಲ. ಎಲ್ಲಾರೂ ಹುಚ್ಚ ಅಂದ್ರು. ಕ್ಲೇಮ್ ಮಾಡದಿದ್ರ ಕಟ್ಟೋ ರೊಕ್ಕದಾಗ ಕಡಿಮಿ ಮಾಡ್ತಾರ, ಅದಕ್ಕ ನೋ ಕ್ಲೇಮ್ ಬೋನಸ್ ಅಂತಾರ, ಮೊದಲ ವರ್ಷ 20, ಆಮ್ಯಾಲ 25, 35, 45, ಐದು ವರ್ಷಕ್ಕ 50 ಪರ್ಸೆಂಟ್. ಜನವರಿಯಾಗ ನನಗ 50 ಬರ್ತೈತಿ. ನಾ ಎಷ್ಟ ಶಾಣ್ಯಾ ಅಂತ ಕಾಕಾನ ಮುಂದ ಹೇಳಿದೆ. ಕಾಕಾ ಅಂದ್ರು, "ಅದು ಓನ್ ಡ್ಯಾಮೇಜ್‌ಗೆ ಅಷ್ಟ ತಮ್ಮಾ, ಥರ್ಡ್ ಪಾರ್ಟಿಗೆ ಒಂದ ಪೈಸೆ ಕಡಿಮಿ ಆಗಂಗಿಲ್ಲ." ಲೆಕ್ಕಾ ಹಾಕಿದ್ರ ಟ್ಯಾಂಕ್ ರಿಪೇರಿನ ತುಟ್ಟಿ ಇತ್ತು. ಹೋಗ್ಲಿ ಬಿಡ್ರಿ, ತೆಗ್ಗೂ ಚಂದ ಕಾಣ್ತೈತಿ. ಮತ್ತ ಜನವರಿಯಾಗ ಬುಲೆಟ್‌ದೂ ಐದು ವರ್ಷದ ಥರ್ಡ್ ಪಾರ್ಟಿ ಮುಗೀತೈತಿ, ಅದನ್ನ ಈ ಸಲ ಮರೆಯಂಗಿಲ್ಲ, ಕಾಕಾನ ವಹಿಯೊಳಗ ನನ್ನ ಕಣ್ಣ ಮುಂದ ನನ್ನ ನಂಬರ್ ಬರಸೀನಿ. ನಿಮ್ಮ ಗಾಡಿದು ಯಾವಾಗ ಮುಗೀತೈತಿ ಅಂತ ಎಂಪರಿವಾಹನ್ ಆ್ಯಪ್‌ನ್ಯಾಗ ಗಾಡಿ ನಂಬರ್ ಹಾಕಿದ್ರ ತೋರಸ್ತೈತಿ, ವಿಡಿಯೋ ನಿಲ್ಲಿಸಿ ನೋಡ್ರಿ, ನಾ ಇಲ್ಲೇ ಇರ್ತೀನಿ.

ಸಂಜಿ ಏಳು, ಮತ್ತ ಅದ ಪಾರ್ಕಿಂಗ್, ಅದ ರೇಡಿಯೋ. ಈಗ ಮಾಡಾಕತ್ತಿದ್ದು ಏನಂದ್ರ, ಸೀಟ್ ಎತ್ತಿ ಒಳಗ ಬಿಳಿ ಟೇಪ್ ಹಚ್ಚಿ ತಾರೀಖು ಬರಿಯಾಕತ್ತೀನಿ, ಮೂರೂ ಗಾಡಿಗೆ. ಒಂದ ಪಾಲಿಸಿ ಕೇಳಾಕ ಹೋಗಿ ಮೂರು ಟೇಪ್ ತಂದೀನಿ.

ಬರಿಯೂಮುಂದ ಅಪ್ಪನ ಫೋನ್ ಬಂತು ಧಾರವಾಡದಿಂದ, ದನಿ ಬಿಟ್ಟೀನಿ ಕೇಳ್ರಿ. ಅಪ್ಪಾ, ನಿಮ್ಮ ಸ್ಪ್ಲೆಂಡರ್ ಇನ್ಸೂರೆನ್ಸ್ ಯಾವಾಗ ಮುಗೀತೈತಿ ಅಂತ ಕೇಳಿದೆ. ಒಂದ ಸೆಕೆಂಡ್ ತಗೊಳ್ಳಿಲ್ಲ. "ಫೆಬ್ರವರಿ ಒಂಬತ್ತು. ಕ್ಯಾಲೆಂಡರ್‌ನ್ಯಾಗ ಹಾಲಿನ ಲೆಕ್ಕದ ಬಾಜೂಕ ಬರದೀನಿ. ಯಾಕ, ಪೊಲೀಸ ಹಿಡದ್ರೇನು?" ಇವ್ರಿಗೆ ಯಾರ್ ಹೇಳ್ಯಾರ? ನಮ್ಮಾಕಿನ ಹೇಳಿರಬೇಕು. ಇಲ್ಲಪ್ಪಾ, ಸುಮ್ನ ಕೇಳಿದೆ ಅಂದೆ. "ಮೂರು ಗಾಡಿ ಯಾಕ ಬೇಕೋ ನಿನಗ, ಆ ಪಲ್ಸರ್ ಇಲ್ಲಿಗೆ ಕಳಸು, ತೋಟಕ್ಕ ಹೋಗಾಕ ಬರ್ತೈತಿ" ಅಂತಾರ. ಕಳಸಬಹುದು ನೋಡ್ರಿ. ಇಲ್ಲ ಇಲ್ಲ, ಕಳಸಂಗಿಲ್ಲ, ಕರ್ನಾಟಕದಾಗ ವರ್ಷದ ಮ್ಯಾಲ ಇಟ್ರ ಅಲ್ಲಿ ನಂಬರ್ ಮಾಡಸಬೇಕು, ಅದು ಇನ್ನೊಂದ ವಿಡಿಯೋ ಆಕ್ಕೈತಿ...

ಮ್ಯಾಲಿಂದ ಕರ್ಯಾಕತ್ತಾಳ, ಆಕ್ಟಿವಾ ಕೀಲಿ ನನ್ನ ಕಿಸೆದಾಗ ಐತಂತ, ಮಗಳ ಟ್ಯೂಷನ್ ಬಿಟ್ಟೈತಂತ. ಬಂದೆ, ಬಂದೆ. ಬಂದ್ ಮಾಡ್ತೀನ್ರೀ ಕ್ಯಾಮೆರಾ.