ಟೆಕ್ಸ್ಚರ್ ಎಂದರೆ ಬರೀ ನುಣುಪು, ಒರಟು ಅಲ್ಲ

ಎಲ್ಲರಿಗೂ ನಮಸ್ಕಾರ. ಬೇಲೂರಿನ ಶಿಲ್ಪಗಳ ಕುರಿತು ಹಾಸನದಿಂದ ಮಾಡಿದ ಕಳೆದ ಸಂಚಿಕೆಯನ್ನು ನೋಡಿದವರೊಬ್ಬರು, ‘ಟೆಕ್ಸ್ಚರ್ ಎಂದು ಇಷ್ಟು ಎಳೆಯುವುದೇಕೆ, ಕಲ್ಲು ನುಣುಪಾಗಿದೆ ಎಂದರೆ ಸಾಲದೇ?’ ಎಂದು ಕೇಳಿದ್ದಾರೆ. ಖಂಡಿತ ಸಾಲದು.

ಈ ಪದದ ಮೂಲ ‘ನೇಯು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ‘ಟೆಕ್ಸೆರೆ’. ಟೆಕ್ಸ್‌ಟೈಲ್, ಟೆಕ್ಸ್ಟ್ ಎಂಬ ಪದಗಳೂ ಅದೇ ಬೇರಿನವು. ಬಟ್ಟೆಯನ್ನು ಬಲ್ಲವರು ಅದನ್ನು ಸವರಿ ಕೆಳಗಿಡುವುದಿಲ್ಲ. ಬೆಳಕಿಗೆ ಹಿಡಿದು, ಹಾಸು ಎಷ್ಟು ಒತ್ತಾಗಿದೆ, ಹೊಕ್ಕು ಅದರ ನಡುವೆ ಹೇಗೆ ಹಾದುಹೋಗಿದೆ ಎಂದು ನೋಡುತ್ತಾರೆ. ಟೆಕ್ಸ್ಚರ್ ಎಂದರೆ ಒಳಗಿನ ಆ ಹೆಣಿಗೆ, ಕೈಗೆ ಸಿಗುವ ನುಣುಪು ಅದರ ಫಲ.

ಭೂವಿಜ್ಞಾನಿಗಳೂ ಕಲ್ಲಿನ ಟೆಕ್ಸ್ಚರ್ ಎಂದಾಗ ಕಣಗಳ ಗಾತ್ರ, ಆಕಾರ ಮತ್ತು ಅವು ಒಂದರೊಡನೊಂದು ಕೂಡಿಕೊಂಡಿರುವ ಬಗೆಯನ್ನೇ ಹೇಳುತ್ತಾರೆ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಬಳಪದ ಕಲ್ಲಿನ ಖನಿಜಗಳು ಮೃದು, ಕಣಗಳು ಬಹಳ ಸಣ್ಣವು. ಆದ್ದರಿಂದಲೇ ಮದನಿಕೆಯರ ಕೊರಳಹಾರದ ಒಂದೊಂದು ಮಣಿಯ ಹಿಂದೆಯೂ ಉಳಿ ನುಗ್ಗಿ ನೆರಳು ಮೂಡಿಸಿದೆ. ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 10ನೆಯ ಶತಮಾನದಲ್ಲಿ ಮಾಡಿಸಿದ ಗೊಮ್ಮಟ ನಿಂತಿರುವುದು ಗ್ರಾನೈಟ್ ಶಿಲೆಯಲ್ಲಿ. ನೆಲದಾಳದಲ್ಲಿ ನಿಧಾನವಾಗಿ ತಣಿದು, ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳು ಬಿಗಿಯಾಗಿ ಬೆಸೆದುಕೊಂಡ ಆ ಗಡಸು ಕಲ್ಲಿನಲ್ಲಿ ಬೇಲೂರಿನ ಕುಸುರಿಯನ್ನು ಬಯಸಲಾಗದು.

‘ಗೊಮ್ಮಟನ ಮೈಯೂ ನುಣುಪಾಗಿದೆಯಲ್ಲ’ ಎಂದು ವಾದಿಸುವವರಿದ್ದಾರೆ. ಅದು ಶಿಲ್ಪಿ ಉಜ್ಜಿ ತಂದ ನುಣುಪು! ಉಜ್ಜಿದ ಮಾತ್ರಕ್ಕೆ ಕಲ್ಲಿನೊಳಗಿನ ಹರಳುಗಳ ಜೋಡಣೆ ಬದಲಾಗುತ್ತದೆಯೇ? ನಿಘಂಟಿನಲ್ಲಿ ಮೇಲ್ಮೈಯ ಗುಣ ಎಂಬ ಅರ್ಥವೂ ಇದೆ ಎನ್ನುತ್ತೀರಾ? ಇರಲಿ, ಆದರೆ ಮೇಲ್ಮೈ ಹಾಗಿರುವುದೇಕೆ ಎಂದು ಕೇಳದವರ ಮಾತನ್ನು ನಾನು ಒಪ್ಪುವುದಿಲ್ಲ. ಗೋಡೆಯ ಮೇಲೆ ಉಬ್ಬುತಗ್ಗಾಗಿ ಬಳಿದ ಬಣ್ಣಕ್ಕೂ ಟೆಕ್ಸ್ಚರ್ ಎಂದೇ ಹೆಸರಿಟ್ಟು, ಪದವನ್ನು ಸಿಪ್ಪೆಗೆ ಇಳಿಸಿಬಿಟ್ಟಿದ್ದೇವೆ.

ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ, ಏಕೆಂದರೆ ಇಂಥ ವಿಷಯವನ್ನು ಬಿಡಿಸಿ ಹೇಳಲೆಂದೇ ಈ ವಾಹಿನಿ ಇರುವುದು. ಮತ್ತೊಮ್ಮೆ ಹೇಳುತ್ತೇನೆ, ಟೆಕ್ಸ್ಚರ್ ಇರುವುದು ಒಳಗೆ. ಒಳಗೆ! ಒಪ್ಪದವರು ಕೆಳಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಗಳನ್ನು ಹತ್ತಿರದಿಂದ ತೋರಿಸಿ ಉತ್ತರ ಕೊಡುತ್ತೇನೆ.