ಕೂಸಿಗೆ ಉಣಿಸುವ ಹೊತ್ತು

ಕೇಳುಗರಿಗೆಲ್ಲ ನಮಸ್ಕಾರ.

ಬಾಗಲಕೋಟೆ ಸೀಮೆಯ ಮಕ್ಕಳ ದವಾಖಾನೆಯಲ್ಲಿ ಕೂತ ನನ್ನ ಕಿವಿಗೆ ದಿನಾಲೂ ಬೀಳುವ ಮಾತೊಂದಿದೆ: "ಮೊಬೈಲ್ ಕೊಡಲಿಲ್ಲಂದ್ರ ಒಂದು ತುತ್ತೂ ಒಳಗ ಹೋಗಂಗಿಲ್ರೀ ಡಾಕ್ಟರ್ರ." ಅದರ ಬೆನ್ನಿಗೇ ಇನ್ನೊಂದು: "ಇನ್ನೂ ಎರಡು ವರ್ಷ ತುಂಬಿಲ್ಲ, ಯೂಟ್ಯೂಬ್ ತಾನ ತಗೀತಾನ ನೋಡ್ರೀ." ಮೊದಲನೆಯದು ದೂರು, ಎರಡನೆಯದು ಹೆಮ್ಮೆ. ಕೂಸಿಗೂ ಬರುವಷ್ಟು ಸುಲಭ ಮಾಡಿ ಮಾರಿದ್ದಾರೆ, ಅದಕ್ಕೇ ಬರುತ್ತದೆ. ಹೆಮ್ಮೆ ಪಡಬೇಕಾದವರು ಕಂಪನಿಯವರು.

ಹಾಗಂತ ಪರದೆ ಮುಟ್ಟಿದ ಕೂಸು ಕೆಟ್ಟೇಹೋಯಿತು ಅನ್ನುವವಳು ನಾನಲ್ಲ. ಬ್ರಿಟನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೇಗನೆ ಪರದೆಯ ಮೇಲೆ ಬೆರಳು ಸರಿಸಲು ಕಲಿತ ಮಕ್ಕಳು ಆಟಿಗೆ ತುಂಡುಗಳನ್ನು ಒಂದರ ಮೇಲೊಂದು ಇಡುವುದನ್ನೂ ಬೇಗ ಕಲಿತದ್ದು ಕಂಡಿತ್ತು. ನಡಿಗೆಗೂ ಮಾತಿಗೂ ಅಂಥ ನಂಟು ಕಾಣಲಿಲ್ಲ. 6 ತಿಂಗಳಿಂದ 3 ವರ್ಷದೊಳಗಿನ ಮಕ್ಕಳ 715 ಪಾಲಕರನ್ನು ಕೇಳಿ ಮರುವರ್ಷ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಮುಖ ಗೊತ್ತಾಯಿತು: ದಿನಕ್ಕೆ ಒಂದು ಗಂಟೆ ಹೆಚ್ಚು ಪರದೆ ಮುಟ್ಟುವ ಮಕ್ಕಳು ಸುಮಾರು 15 ನಿಮಿಷ ಕಡಿಮೆ ಮಲಗುತ್ತಿದ್ದರು. ಮೊಬೈಲಿನಿಂದ ನಿದ್ದೆ ಕೆಟ್ಟಿತೋ, ಮಲಗದ ಕೂಸಿಗೆ ಸುಮ್ಮನಿರಲಿ ಅಂತ ಮೊಬೈಲ್ ಕೊಟ್ಟರೋ, ಅದು ಈ ಲೆಕ್ಕದಿಂದ ತಿಳಿಯುವುದಿಲ್ಲ.

ನನ್ನ ಚಿಂತೆ ಇರುವುದು ಮಾತಿನ ಬಗ್ಗೆ. ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ 9 ತಿಂಗಳ ಕೂಸುಗಳ ಎದುರು ಚೀನೀ ಭಾಷೆಯವರು ಕೂತು ಆಡಿಸುತ್ತ ಮಾತಾಡಿದರು. ಆ ಕೂಸುಗಳು ಚೀನೀ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಆದರೆ ಟಿವಿ ಪರದೆಯಲ್ಲಿ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ. ಪರದೆ ಮಾತಾಡುತ್ತಲೇ ಇರುತ್ತದೆ, ಕೂಸು ಏನಂದಿತು ಅಂತ ಕೇಳುವುದಿಲ್ಲ. ಹಾಲಾಗ ರೊಟ್ಟಿ ಮುರಿದು ಉಣಿಸುವ ಅವ್ವನಾದರೆ, ಕೂಸು "ಕಾ" ಅಂದ ಕೂಡಲೇ "ಹೂಂ, ಕಾಗಿ ಬಂತು, ಅದಕ್ಕೂ ಒಂದು ತುತ್ತು ಕೊಡೂಣೇನ?" ಅನ್ನುತ್ತಾಳೆ. ಕೂಸು ಮಾತು ಕಲಿಯುವುದು ಆ ಮರುಮಾತಿನಲ್ಲಿ.

ನಮ್ಮ ಕಡೆ ಈ ಮಾತಿಗೆ ಇನ್ನೊಂದು ತೊಡಕಿದೆ. ಗುಳೇದಗುಡ್ಡದ ಖಣದ ಕೈಮಗ್ಗದ ಮುಂದೆ ಕೂತವರು ಕೂಸಿನ ಜೊತೆ ಎರಡು ಮಾತು ಆಡಿಯಾರು. ರಬಕವಿ-ಬನಹಟ್ಟಿಯ ಪವರ್‌ಲೂಮ್ ಮನೆಯಲ್ಲಿ ಮಗ್ಗ ಶುರುವಾದರೆ ಪಕ್ಕದವರ ಮಾತೇ ಕೇಳದು. ದುಡಿದಷ್ಟೇ ಕೂಲಿ, ಮಗ್ಗ ನಿಲ್ಲಿಸಿ ಕೂಸಿನ ಜೊತೆ ಆಡಿ ಅಂತ ನಾನು ಯಾವ ಬಾಯಿಂದ ಹೇಳಲಿ? ಅಂಥ ಮನೆಯಲ್ಲಿ ಮಗ್ಗ ನಿಂತು ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವ ಹೊತ್ತೆಂದರೆ ಊಟದ ಹೊತ್ತು. ಮೊಬೈಲ್ ನುಂಗುತ್ತಿರುವುದೂ ಅದನ್ನೇ. ಅದಕ್ಕೆ ಉಳಿದದ್ದು ಆಮೇಲೆ, ಮೊದಲು ತಾಟಿನ ಮುಂದಿನಿಂದ ಮೊಬೈಲ್ ಎತ್ತಿಡಿ.

ಎರಡು-ಮೂರು ದಿನ ರಂಪ ಮಾಡುತ್ತದೆ, ನಿಜ. ಆರೋಗ್ಯದಿಂದಿರುವ ಕೂಸು ಹಸಿವಾದರೆ ಉಣ್ಣುತ್ತದೆ. ತೂಕ ಇಳಿದರೆ ಡಾಕ್ಟರಿಗೆ ತೋರಿಸಿ. ಕೂಸಿನ ಕೈಗೂ ಒಂದು ತುಂಡು ರೊಟ್ಟಿ ಕೊಡಿ, ಚೆಲ್ಲಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸುವಾಗ ಒಂದು ಉಂಡೆ ಅದಕ್ಕೂ ಇರಲಿ. ಹಿಚುಕಿ, ಎಳೆದು, ಕೊಂಬು ಹಚ್ಚುವ ಕೆಲಸ ಗಾಜಿನ ಮೇಲೆ ಬೆರಳಾಡಿಸಿದರೆ ಸಿಗುವುದಿಲ್ಲ.

ಲೆಕ್ಕ ಬೇಕು ಅನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಗೋವಾಕ್ಕೆ ದುಡಿಯಲು ಹೋದ ಅಪ್ಪ ವಿಡಿಯೋ ಕಾಲ್ ಮಾಡಿದರೆ ಕೂಸಿನ ಮುಂದೆ ಹಿಡಿಯಲು ಅಂಜಬೇಡಿ. ಅಲ್ಲಿ ಮರುಮಾತು ಕೊಡುವವರಿದ್ದಾರೆ.

ಇನ್ನೊಂದು ಮಾತು ಮುಖ್ಯ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಎರಡು ವರ್ಷವಾದರೂ ಎರಡು ಶಬ್ದ ಕೂಡಿಸಿ ಆಡದ ಕೂಸನ್ನು "ಮೊಬೈಲಿನಿಂದ ಹಂಗಾಗೈತಿ, ತಾನ ಸರಿಹೋಗತೈತಿ" ಅಂತ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಕಿವಿಯ ದೋಷವೂ ಇರಬಹುದು, ಬೇರೆ ಕಾರಣವೂ ಇರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ, ಅಲ್ಲಿ ತೋರಿಸಿ. ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿ. ಮೊಬೈಲ್ ಎಷ್ಟು ಹೊತ್ತು ನೋಡುತ್ತದೆ ಅಂತ ಕೇಳಿದಾಗ ಇದ್ದದ್ದು ಇದ್ದಂಗ ಹೇಳ್ರೀ, ಯಾರೂ ಬೈಯಂಗಿಲ್ಲ.