ಶಾಲೆಯ ಪಾಠ ಮನೆಯ ಮೊಬೈಲಿಗೂ ತಲುಪಲಿ

ಕೇಳುಗರಿಗೆ ನಮಸ್ಕಾರ.

2018ರಲ್ಲಿ ನಮ್ಮ ಮೊಬೈಲುಗಳಲ್ಲಿ ಹರಿದಾಡಿದ ಒಂದು ವಿಡಿಯೊ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಚಿತ್ರ. ಮೂಲದಲ್ಲಿ ಅವರು ಮರಳಿ ಬಂದು, ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿಬಿಟ್ಟರು. ಉಳಿದದ್ದನ್ನು ಎಷ್ಟೋ ತಂದೆತಾಯಂದಿರು ಮಕ್ಕಳ ಮೇಲಿನ ಅಕ್ಕರೆಯಿಂದಲೇ ಹಂಚಿದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ಅವರಿಗಿಂತ ಮೊದಲೇ ಮುಂದಿನ ಊರನ್ನು ಮುಟ್ಟಿತ್ತು. ಜನ ಮುಗಿಬಿದ್ದರು, ಒಬ್ಬ ಯುವಕ ಪ್ರಾಣ ಕಳೆದುಕೊಂಡ.

ಮಕ್ಕಳಿಗೆ ಆನ್‌ಲೈನ್ ನೀತಿ ಕಲಿಸಬೇಕು ಎಂಬ ಮಾತು ಬಂದಾಗಲೆಲ್ಲ ಈ ಸಾವು ನನ್ನನ್ನು ಕಾಡುತ್ತದೆ. ಇಲ್ಲಿ ಎಡವಿದವರು ದೊಡ್ಡವರು. ಶಾಲೆಯಲ್ಲಿ ಎಷ್ಟೇ ಒಳ್ಳೆಯ ಪಾಠ ನಡೆದರೂ, ಸಂಜೆ ಮನೆಯಲ್ಲಿ ಓದದೆಯೇ ಫಾರ್ವರ್ಡ್ ಮಾಡುವವರನ್ನು ನೋಡುವ ಮಗು ಯಾವುದನ್ನು ಕಲಿತೀತು?

ನಮ್ಮ ಕೊಡಗಿಗೆ ತಾಗಿಕೊಂಡಿರುವ ಕೇರಳದ ಕಣ್ಣೂರಿನಲ್ಲಿ ಒಂದು ಒಳ್ಳೆಯ ಪ್ರಯತ್ನ ನಡೆದಿದೆ. ದಡಾರ ಮತ್ತು ರುಬೆಲ್ಲಾ ಲಸಿಕೆಯ ಬಗ್ಗೆ ವಾಟ್ಸ್‌ಆಪ್‌ನಲ್ಲಿ ಸುಳ್ಳು ಹಬ್ಬಿ, ಪೋಷಕರು ಹಿಂಜರಿದಿದ್ದರು. 2018ರಲ್ಲಿ ಅಲ್ಲಿನ ಜಿಲ್ಲಾಡಳಿತ ‘ಸತ್ಯಮೇವ ಜಯತೆ’ ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿಗಳನ್ನು ನಡೆಸಿತು. ವದಂತಿಗೆ ಹೆದರಿದವರು ಹೆತ್ತವರು, ಪಾಠ ಶುರುವಾದದ್ದು ಮಕ್ಕಳಿಂದ. ಈ ದಾರಿ ನನಗೆ ತುಂಬ ಸರಿಯೆನಿಸುತ್ತದೆ.

ನಮ್ಮ ಶಿಕ್ಷಕರೂ ವಾರಕ್ಕೊಂದು ಮನೆಗೆಲಸ ಕೊಡಬಹುದು. ಮನೆಯ ಮೊಬೈಲಿಗೆ ಬಂದ ಒಂದು ಸಂದೇಶವನ್ನು ಮಗು ಅಜ್ಜಿಯೊಡನೆಯೋ ಅಪ್ಪನೊಡನೆಯೋ ಕುಳಿತು ಪರಿಶೀಲಿಸಲಿ. ಬರೆದವರು ಯಾರು? ಚಿತ್ರ ಎಲ್ಲಿಯದು, ಯಾವ ವರ್ಷದ್ದು? ಇದನ್ನು ಹಂಚಿದರೆ ಯಾರಿಗೆ ನೋವಾದೀತು? ಹುಡುಕಾಟ ಮಗುವಿಗೆ ಸಲೀಸು. ಆದರೆ ‘ಈ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮಾಯ’ ಎಂಬ ಸಂದೇಶವನ್ನು ಅನುಭವದಿಂದ ಅಳೆಯಬಲ್ಲವರು ಅಜ್ಜಿ. ‘ಗೊತ್ತಾಗಲಿಲ್ಲ, ಆದ್ದರಿಂದ ಹಂಚಲಿಲ್ಲ’ ಎಂದು ನೋಟ್ ಪುಸ್ತಕದಲ್ಲಿ ಬರೆದು ತಂದ ಮಗುವಿಗೂ ಪೂರ್ಣ ಅಂಕ ಸಿಗಲಿ.

ಇನ್ನು ಫೋಟೊಗಳ ವಿಷಯ. ಮಗು ಅಳುತ್ತಿರುವ ಚಿತ್ರವನ್ನು ಸ್ಟೇಟಸ್‌ಗೆ ಹಾಕುವವರು ನಾವೇ. ಕಡಿಮೆ ಅಂಕದ ಪಟ್ಟಿಯನ್ನು ಎಲ್ಲ ಪೋಷಕರ ಗುಂಪಿಗೆ ಕಳುಹಿಸುವ ಶಾಲೆಗಳೂ ಇವೆ. ಇದು ನನಗೆ ಸಹಿಸಲಾಗದ ಸಂಗತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನು ಕೇಳುತ್ತದೆ. ಮಗುವಿನ ಒಪ್ಪಿಗೆಯನ್ನು ಕೇಳಬೇಕಾದವರು ನಾವು. ‘ಇದನ್ನು ಹಾಕಲೇ?’ ಎಂದು ಕೇಳಿಸಿಕೊಂಡು ಬೆಳೆದ ಹುಡುಗಿ, ಗೆಳತಿಯ ಚಿತ್ರ ಹಾಕುವಾಗ ತಾನೂ ಕೇಳುತ್ತಾಳೆ.

ಯಾರೋ ಬೆದರಿಸುತ್ತಿದ್ದಾರೆ ಎಂದು ಮಗು ಹೇಳಿದ ಕೂಡಲೇ ಮೊಬೈಲ್ ಕಿತ್ತುಕೊಳ್ಳಬೇಡಿ. ಮುಂದಿನ ಸಲ ಅದು ಬಾಯಿಬಿಡುವುದಿಲ್ಲ. ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಿ, ತರಗತಿ ಶಿಕ್ಷಕರಿಗೆ ತಿಳಿಸಿ. ಸೈಬರ್ ಅಪರಾಧದ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. ಎರಡನ್ನೂ ಶಾಲೆಯ ಸೂಚನಾ ಫಲಕದಲ್ಲಿಯೂ ಮನೆಯ ಕ್ಯಾಲೆಂಡರಿನಲ್ಲಿಯೂ ಬರೆದಿಡಿ.

ನಮಸ್ಕಾರ.